ಒಂದೇ ಒಂದು ದಿನ ಕಮ್ಮಿ: ಬೇಸ್‌ಬಾಲ್ ಆಟಗಾರನ ‘ಸರ್ವಿಸ್’ ಲೆಕ್ಕ

ನಮ್ಮಲ್ಲಿ ಇಬ್ಬರು ಸರ್ಕಾರಿ ನೌಕರರು ಭೇಟಿಯಾದರೆ ಐದು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಸರ್ವಿಸ್ ಎಷ್ಟಾಯ್ತು ಸಾರ್?’ ಆ ಒಂದು ಅಂಕಿ ಸಿಕ್ಕರೆ ಸಾಕು. ಬಡ್ತಿ ಯಾವಾಗ, ಪೆನ್ಶನ್ ಎಷ್ಟು ಬರಬಹುದು, ಇನ್ನೂ ಎಷ್ಟು ವರ್ಷ ಎಳೆಯಬೇಕು, ಎಲ್ಲ ಲೆಕ್ಕವೂ ಮನಸ್ಸಿನಲ್ಲೇ ಆಗಿಬಿಡುತ್ತದೆ. ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್‌ನಲ್ಲೂ ಇದೇ ಪದ ಇದೆ, ಸರ್ವಿಸ್ ಟೈಮ್, ಅಂದರೆ ಆಟಗಾರ ಮೇಜರ್ ಲೀಗ್ ತಂಡದ ಪಟ್ಟಿಯಲ್ಲಿ ಇದ್ದ ದಿನಗಳ ಲೆಕ್ಕ. ಕೋಟಿಗಟ್ಟಲೆ ದುಡಿಯುವ ಆಟಗಾರನ ಹೆಸರಿನ ಪಕ್ಕದಲ್ಲೂ ಇಂಥದ್ದೊಂದು ಅಂಕಿ ಇರುತ್ತದೆ. 2.171 ಅಂತ ಬರೆದಿದ್ದರೆ ಅದು ದಶಮಾಂಶ ಅಲ್ಲ, ಎರಡು ವರ್ಷ 171 ದಿನ. ಅವನು ಎಷ್ಟು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ಅನ್ನೋದು ಪೇಪರಿನಲ್ಲಿ ಬರುತ್ತದೆ, ನಿಜ. ಆದರೆ ಕೈಗೆ ದೊಡ್ಡ ದುಡ್ಡು ಯಾವಾಗ ಬರುತ್ತದೆ, ತನ್ನಿಷ್ಟದ ತಂಡಕ್ಕೆ ಯಾವಾಗ ಹೋಗಬಹುದು ಅನ್ನೋದನ್ನ ತೀರ್ಮಾನಿಸೋದು ಈ ದಿನಗಳ ಲೆಕ್ಕ.

ಇದು ಅರ್ಥವಾಗಬೇಕಾದರೆ ಕ್ರಿಸ್ ಬ್ರಯಂಟ್ ಕಥೆ ಕೇಳಬೇಕು.

2015ರ ಮಾರ್ಚ್. ಅರಿಜೋನಾದಲ್ಲಿ ಶಿಕಾಗೋ ಕಬ್ಸ್ ತಂಡದ ಕ್ಯಾಂಪ್ ನಡೀತಿದೆ. ಬ್ರಯಂಟ್‌ಗೆ 23 ವರ್ಷ, ಇನ್ನೂ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಸೀಸನ್ನಿಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್ ರನ್ ಹೊಡೆದ. ಆ ವರ್ಷ ಬೇರೆ ಯಾರೂ ಅಷ್ಟು ಹೊಡೆಯಲಿಲ್ಲ. ಇಷ್ಟಾದ ಮೇಲೆ ತಂಡದವರು ಏನು ಮಾಡಿದರು ಹೇಳಿ? ಕೆಳಗಿನ ಲೀಗಿಗೆ, ಅಯೋವಾಕ್ಕೆ, ವಾಪಸ್ ಕಳಿಸಿದರು. ಫೀಲ್ಡಿಂಗ್ ಇನ್ನೂ ಸ್ವಲ್ಪ ಪಳಗಬೇಕು ಅನ್ನೋದು ಕೊಟ್ಟ ಕಾರಣ. ಸೀಸನ್ ಶುರುವಾಗಿದ್ದು ಏಪ್ರಿಲ್ 5ಕ್ಕೆ, ಅವನನ್ನು ಮೇಲಕ್ಕೆ ಕರೆಸಿದ್ದು ಏಪ್ರಿಲ್ 17ಕ್ಕೆ. ಹನ್ನೆರಡೇ ದಿನದಲ್ಲಿ ಫೀಲ್ಡಿಂಗ್ ಪಳಗಿತು, ನೋಡಿ!

ಈಗ ಬೆರಳು ಮಡಚಿ ಎಣಿಸಿ. ಸೀಸನ್ ಮುಗಿದದ್ದು ಅಕ್ಟೋಬರ್ 4ಕ್ಕೆ. ಏಪ್ರಿಲ್ 17ರಿಂದ ಅಲ್ಲಿಗೆ ಸರಿಯಾಗಿ 171 ದಿನ. ನಿಯಮದ ಪ್ರಕಾರ 172 ದಿನ ಇದ್ದರೆ ಮಾತ್ರ ಒಂದು ಪೂರ್ತಿ ವರ್ಷದ ಸರ್ವಿಸ್. ಆರು ಪೂರ್ತಿ ವರ್ಷ ಆದರೆ ಆಟಗಾರ ಫ್ರೀ ಏಜೆಂಟ್, ಅಂದರೆ ಯಾವ ತಂಡದ ಜೊತೆ ಬೇಕಾದರೂ ಕೂತು ರೇಟು ಮಾತಾಡಬಹುದು. ಒಂದು ದಿನ ಮೊದಲು ಕರೆದಿದ್ದರೆ ಬ್ರಯಂಟ್ 2020ರ ಕೊನೆಗೆ ಬಿಡುಗಡೆ. ಒಂದು ದಿನ ತಡವಾಗಿದ್ದಕ್ಕೆ 2021ರ ಕೊನೆಗೆ.

ನಮಗೆ ಇದೇನೂ ಹೊಸದಲ್ಲ ಬಿಡಿ. ಗುತ್ತಿಗೆ ನೌಕರರಿಗೆ ಒಂದು ದಿನ ‘ಬ್ರೇಕ್’ ಕೊಟ್ಟು ಮಾರನೇ ದಿನ ಹೊಸ ಆರ್ಡರ್ ಕೈಗಿಡೋದು, ಆಮೇಲೆ ಇವರದು ಸತತ ಸರ್ವಿಸ್ ಅಲ್ಲ ಅನ್ನೋದು ನಾವು ನೋಡದ ಆಟವೇ? ಬೇಸ್‌ಬಾಲ್‌ನಲ್ಲಿ ಡಾಲರ್ ಲೆಕ್ಕಕ್ಕೆ ಸೊನ್ನೆಗಳು ಜಾಸ್ತಿ, ಅಷ್ಟೇ.

ಇನ್ನು ಆ ಮೊದಲ ದಿನದವರೆಗೆ ಬರೋದೇ ಒಂದು ದೊಡ್ಡ ಕಥೆ.

ಅಮೆರಿಕ, ಕೆನಡಾದ ಹುಡುಗರು ಬರೋದು ಡ್ರಾಫ್ಟ್ ಮೂಲಕ. ಐಪಿಎಲ್ ಹರಾಜಿನ ಹಾಗೆ ಅಂದುಕೊಳ್ಳಬೇಡಿ, ಇಲ್ಲಿ ಕೂಗೋದಿಲ್ಲ. 30 ತಂಡಗಳು ಸರದಿಯಲ್ಲಿ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ನಿಮ್ಮನ್ನು ಆರಿಸಿದ ತಂಡದ ಜೊತೆ ಮಾತ್ರ ನೀವು ಮಾತಾಡಬಹುದು. ಇಷ್ಟ ಇಲ್ಲದಿದ್ದರೆ ಸಹಿ ಹಾಕದೆ ಕಾಲೇಜಿಗೆ ಹೋಗಿ ಓದಿಕೊಂಡಿದ್ದು ಮತ್ತೆ ಬರಬೇಕು. ಬ್ರಯಂಟ್ ಮಾಡಿದ್ದೂ ಅದನ್ನೇ. 2010ರಲ್ಲಿ ಹೈಸ್ಕೂಲ್ ಮುಗಿಸಿದಾಗ ಟೊರಾಂಟೊ ತಂಡ ಅವನನ್ನು 18ನೇ ಸುತ್ತಿನಲ್ಲಿ ಆರಿಸಿತ್ತು. ಅವನು ಹೋಗಲಿಲ್ಲ, ಸ್ಯಾನ್ ಡಿಯಾಗೋ ವಿಶ್ವವಿದ್ಯಾಲಯ ಸೇರಿದ. ಮೂರು ವರ್ಷ ಬಿಟ್ಟು ನೋಡಿದರೆ ಅವನೇ ಇಡೀ ದೇಶದಲ್ಲಿ ಎರಡನೇ ಆಯ್ಕೆ, ಸಹಿ ಹಾಕಿದ್ದಕ್ಕೇ 67 ಲಕ್ಷ ಡಾಲರ್.

ಆ 2013ರ ಡ್ರಾಫ್ಟ್ ಪಟ್ಟಿಯನ್ನು ಈಗ ತೆಗೆದು ನೋಡಿದರೆ ಮಜಾ ಅನ್ನಿಸುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ. ಎರಡನೆಯವನು ಬ್ರಯಂಟ್ ಆದರೆ ಮೊದಲನೆಯವನು ಯಾರು? ಮಾರ್ಕ್ ಅಪೆಲ್, ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಪಿಚರ್, ಅಂದರೆ ನಮ್ಮ ಲೆಕ್ಕದಲ್ಲಿ ಬೌಲರ್. ದೇಶಕ್ಕೇ ನಂಬರ್ ಒನ್ ಅನ್ನಿಸಿಕೊಂಡವನು ಮೈನರ್ ಲೀಗುಗಳಲ್ಲೇ, ಅಂದರೆ ಕೆಳಗಿನ ಲೀಗುಗಳಲ್ಲೇ, ಹೆಣಗಾಡಿ, ಗಾಯ ಮಾಡಿಕೊಂಡು, 2018ರಲ್ಲಿ ಸಾಕು ಅಂತ ಆಟವನ್ನೇ ಬಿಟ್ಟ. 2021ರಲ್ಲಿ ಮತ್ತೆ ಬಂದ. 2022ರ ಜೂನ್ ಕೊನೆಯಲ್ಲಿ, 31 ತುಂಬಲು ಎರಡು ವಾರ ಇರುವಾಗ, ಫಿಲಡೆಲ್ಫಿಯಾ ತಂಡಕ್ಕೆ ಮೊದಲ ಸಲ ಮೇಜರ್ ಲೀಗಿನಲ್ಲಿ ಎಸೆದ. ಒಟ್ಟು ಆರು ಪಂದ್ಯ, ಅಷ್ಟೇ. ಅದೇ ಡ್ರಾಫ್ಟಿನಲ್ಲಿ 32ನೆಯವನಾಗಿ ಹೋದವನು ಆರನ್ ಜಡ್ಜ್. ಅಂದರೆ 31 ಜನರ ಹೆಸರು ಬಂದ ಮೇಲೆ ಅವನ ಹೆಸರು ಬಂತು. ಅವನು 2022ರಲ್ಲಿ ಒಂದೇ ಸೀಸನ್ನಿಗೆ 62 ಹೋಮ್ ರನ್ ಹೊಡೆದು, ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ದಾಖಲೆ ಮುರಿದ. ಆರಿಸುವವರು ದಡ್ಡರಲ್ಲ, ಆದರೆ 21 ವರ್ಷದ ಹುಡುಗನ ಮೊಣಕೈ ಒಳಗೆ ಏನಾಗುತ್ತದೆ ಅಂತ ಪ್ರತಿಭೆ ಹುಡುಕುವ ಯಾವ ಸ್ಕೌಟ್‌ಗೂ ಕಾಣಿಸೋದಿಲ್ಲ.

ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಹುಡುಗರಿಗೆ ಡ್ರಾಫ್ಟ್ ಇಲ್ಲ. 16ನೇ ವಯಸ್ಸಿಗೇ ಸಹಿ ಹಾಕಿಸಿಕೊಳ್ಳುತ್ತಾರೆ. ಭಾರತದಿಂದಲೂ ಇಬ್ಬರು ಹೋಗಿದ್ದರು. ಉತ್ತರ ಪ್ರದೇಶದಲ್ಲಿ ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಒಂದು ಟಿವಿ ಸ್ಪರ್ಧೆಯಿಂದ ಬೆಳಕಿಗೆ ಬಂದು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. (ಈ ರಿಂಕು ಬೇರೆ, ಕ್ರಿಕೆಟ್ಟಿನ ರಿಂಕು ಬೇರೆ.) ದಿನೇಶ್ 2010ರಲ್ಲಿ ಊರಿಗೆ ಬಂದ. ರಿಂಕು ಸಿಂಗಲ್-ಎ ತನಕ ಹತ್ತಿದ, ಆಮೇಲೆ ಗಾಯ ಬಿಡಲಿಲ್ಲ, ಕೊನೆಗೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ. ಇಬ್ಬರ ಮೇಜರ್ ಲೀಗ್ ಸರ್ವಿಸ್ ಸೊನ್ನೆ ದಿನ.

ಡ್ರಾಫ್ಟ್ ಆದವನು ಮಾರನೇ ದಿನವೇ ಟಿವಿಯಲ್ಲಿ ಬರೋದಿಲ್ಲ. ಏಣಿ ಹತ್ತಬೇಕು. ರೂಕಿ ಲೀಗ್, ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಒಂದೊಂದು ಮೇಜರ್ ತಂಡದ ಕೆಳಗೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತಂಡಗಳಿವೆ. ರೂಕಿ ಮೆಟ್ಟಿಲು ಬಿಟ್ಟರೂ 120 ಆಗುತ್ತವೆ. ಮೇಲೆ ಇರೋ ಜಾಗ ಎಷ್ಟು? ತಂಡಕ್ಕೆ 26 ಜನ, 30 ತಂಡ, ಒಟ್ಟು 780. ಕೆಳಗೆ ಕಾಯ್ತಿರೋರು ಸಾವಿರಾರು.

ಆ ಕೆಳಗಿನ ಬದುಕು ತೀರಾ ಇತ್ತೀಚಿನವರೆಗೂ ನಾಚಿಕೆಗೇಡಾಗಿತ್ತು. 2022ರಲ್ಲಿ ಟ್ರಿಪಲ್-ಎ ಆಟಗಾರನ ವರ್ಷದ ಕನಿಷ್ಠ ಸಂಬಳ 17,500 ಡಾಲರ್. ರೂಕಿ ಲೀಗಿನಲ್ಲಿ 4,800. ಅಮೆರಿಕದಲ್ಲಿ ಅದು ಬಾಡಿಗೆಗೂ ಸಾಲದ ದುಡ್ಡು. ಚಳಿಗಾಲದಲ್ಲಿ ಸಾಮಾನು ತಲುಪಿಸೋದು, ಅಂಗಡಿಯಲ್ಲಿ ನಿಲ್ಲೋದು, ಮಕ್ಕಳಿಗೆ ಕೋಚಿಂಗ್ ಕೊಡೋದು, ಹೀಗೆ ಹೊಟ್ಟೆ ಹೊರೆಯುತ್ತಿದ್ದರು. ಆ ವರ್ಷ ಸೆಪ್ಟೆಂಬರಿನಲ್ಲಿ ಇವರೂ ಆಟಗಾರರ ಸಂಘ ಸೇರಿದರು. 2023ರಲ್ಲಿ ಮೊದಲ ಒಪ್ಪಂದ ಆಯ್ತು, ಟ್ರಿಪಲ್-ಎ 35,800ಕ್ಕೆ, ರೂಕಿ 19,800ಕ್ಕೆ ಏರಿತು. ಇದಕ್ಕೆ ಹೋಲಿಸಿ ನೋಡಿ, 2025ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ 7,60,000 ಡಾಲರ್. ದಿನಕ್ಕೆ ಭಾಗ ಮಾಡಿದರೆ ಸುಮಾರು 4,000. ಹೀಗಾಗಿ ಮೇಲೆ ಒಂಬತ್ತು ದಿನ ಇದ್ದುಬಂದವನು ಟ್ರಿಪಲ್-ಎ ಕನಿಷ್ಠ ದರದಲ್ಲಿ ಇಡೀ ವರ್ಷ ದುಡಿದಷ್ಟು ಸಂಪಾದಿಸಿರುತ್ತಾನೆ.

ಒಂಬತ್ತು ದಿನ ಅಂದೆನಲ್ಲ, ಅಷ್ಟೇ ದಿನ ಇದ್ದು ಬರೋರು ಬೇಕಾದಷ್ಟು ಜನ. ಯಾರಿಗೋ ಪೆಟ್ಟಾಯ್ತು ಅಂತ ರಾತ್ರೋರಾತ್ರಿ ಫೋನ್ ಬರುತ್ತದೆ, ಬೆಳಗ್ಗೆ ವಿಮಾನ, ಸಂಜೆ 40,000 ಜನರ ಮುಂದೆ ಆಟ. ವಾರ ಕಳೆದ ಮೇಲೆ ವಾಪಸ್. ಇದಕ್ಕೆ ಅವರ ಭಾಷೆಯಲ್ಲೇ ‘ಒಂದು ಕಪ್ ಕಾಫಿ’ ಅಂತ ಹೆಸರು, ಕಾಫಿ ಕುಡಿಯೋಷ್ಟು ಹೊತ್ತು ಇದ್ದುಬಂದ ಅಂತ. ಕೆಲವರದು ಬೈಟೂ ಕಾಫಿ ಅನ್ನಬಹುದು. ಆದರೂ ಆ ದಿನಗಳು ವ್ಯರ್ಥ ಅಲ್ಲ. 43 ದಿನ ಆದರೆ ಸಣ್ಣದೊಂದು ಪೆನ್ಶನ್‌ಗೆ ಅರ್ಹತೆ, 10 ವರ್ಷ ಆದರೆ ಪೂರ್ತಿ ಪೆನ್ಶನ್. ಗಾಯಾಳುಗಳ ಪಟ್ಟಿಯಲ್ಲಿ ಕೂತ ದಿನವೂ ಲೆಕ್ಕಕ್ಕೆ ಸೇರುತ್ತದೆ. ಕೆಳಗಿನ ಲೀಗಿಗೆ ಕಳಿಸಿದ ದಿನದಿಂದ ಮಾತ್ರ ಸಾಮಾನ್ಯವಾಗಿ ಮೀಟರ್ ನಿಲ್ಲುತ್ತದೆ.

ಹಾಗಂತ ಒಬ್ಬನನ್ನು ಜೀವಮಾನಪೂರ್ತಿ ಮೇಲೆ ಕೆಳಗೆ ಓಡಾಡಿಸೋಕೂ ಆಗೋದಿಲ್ಲ. ಸಾಮಾನ್ಯವಾಗಿ ಮೂರು ಸೀಸನ್ ಮಾತ್ರ ಹೀಗೆ ಮಾಡಬಹುದು. ಆಮೇಲೆ ಅವನನ್ನು ಕೆಳಗೆ ಕಳಿಸಬೇಕಾದರೆ ಮೊದಲು ಉಳಿದ 29 ತಂಡಗಳ ಮುಂದೆ ಇಡಬೇಕು, ಬೇಕಾದವರು ಎತ್ತಿಕೊಂಡು ಹೋಗಬಹುದು. ಒಂದೇ ವರ್ಷದಲ್ಲಿ ಮೂರ್ನಾಲ್ಕು ಊರು ಬದಲಿಸಿದ ಆಟಗಾರರ ಕಥೆ ಕೇಳಿದರೆ ಅದರ ಹಿಂದೆ ಈ ನಿಯಮ ಇರುತ್ತದೆ.

ಸರಿ, ಮೇಲೆ ಬಂದಾಯ್ತು, ಉಳಿದೂ ಆಯ್ತು ಅಂದುಕೊಳ್ಳಿ. ದುಡ್ಡು?

ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು. ಆಟಗಾರ ಬೇರೆಯವರ ಜೊತೆ ಮಾತಾಡುವ ಹಾಗಿಲ್ಲ. ಬ್ರಯಂಟ್ 2015ರಲ್ಲಿ ವರ್ಷದ ಅತ್ಯುತ್ತಮ ಹೊಸ ಆಟಗಾರ. 2016ರಲ್ಲಿ ಮೇಜರ್ ಲೀಗಿನ ಇನ್ನೊಂದು ಭಾಗವಾದ ಇಡೀ ನ್ಯಾಷನಲ್ ಲೀಗಿಗೇ ಅತ್ಯುತ್ತಮ ಆಟಗಾರ. ಆ ವರ್ಷ ಅವನ ಸಂಬಳ 6,52,000 ಡಾಲರ್, ಕನಿಷ್ಠಕ್ಕಿಂತ ಒಂದಿಷ್ಟು ಮೇಲೆ.

ಆ 2016ರ ಕೊನೆಯ ಪಂದ್ಯವನ್ನು ಯಾರಾದರೂ ನೋಡಿದ್ದೀರಾ? ಕ್ಲೀವ್‌ಲ್ಯಾಂಡ್‌ನಲ್ಲಿ ಮಧ್ಯರಾತ್ರಿ ದಾಟಿತ್ತು, ನಮ್ಮಲ್ಲಿ ಬೆಳಗ್ಗೆ ಹತ್ತು ಗಂಟೆ. ಒಂಬತ್ತು ಇನ್ನಿಂಗ್ಸಿನಲ್ಲಿ ತೀರ್ಮಾನ ಆಗದೆ, ಮಳೆ ಬಂದು 17 ನಿಮಿಷ ನಿಂತು, ಹತ್ತನೇ ಇನ್ನಿಂಗ್ಸಿಗೆ ಹೋಗಿದೆ. ಕಬ್ಸ್ 8, ಕ್ಲೀವ್‌ಲ್ಯಾಂಡ್ 7, ಬೇಕಿರೋದು ಒಂದೇ ಔಟ್. ಚೆಂಡು ನಿಧಾನಕ್ಕೆ ಉರುಳಿಕೊಂಡು ಬ್ರಯಂಟ್ ಕಡೆಗೆ ಬರುತ್ತದೆ. ಅವನು ಮುಂದೆ ನುಗ್ಗಿ ಎತ್ತಿಕೊಳ್ಳುತ್ತಾನೆ. ಒದ್ದೆ ಹುಲ್ಲಿನ ಮೇಲೆ ಕಾಲು ಜಾರುತ್ತದೆ. ಜಾರುತ್ತಲೇ ಎಸೆಯುತ್ತಾನೆ. ಚೆಂಡು ಕೈ ಬಿಡೋಕೆ ಮುಂಚೆಯೇ ಅವನ ಮುಖದಲ್ಲಿ ನಗು ಬಂದಿರುತ್ತದೆ, ಬೇಕಾದರೆ ವಿಡಿಯೊ ನಿಲ್ಲಿಸಿ ನೋಡಿ. 1908ರ ನಂತರ ಕಬ್ಸ್ ಗೆದ್ದ ಮೊದಲ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಪಟ್ಟ, ಅದು. ‘ಫೀಲ್ಡಿಂಗ್ ಪಳಗಬೇಕು’ ಅನ್ನಿಸಿಕೊಂಡವನ ಕೈಯಿಂದಲೇ ಕೊನೆಯ ಔಟ್!

ಮೂರು ವರ್ಷ ಆದ ಮೇಲೆ ಆರ್ಬಿಟ್ರೇಶನ್ ಅನ್ನೋ ಹಂತ. ಪಂಚಾಯ್ತಿ ಅನ್ನಿ. ಆದರೆ ನಮ್ಮ ಪಂಚಾಯ್ತಿಯಲ್ಲಿ ‘ಹೋಗ್ಲಿ ಬಿಡ್ರಪ್ಪ, ಅರ್ಧರ್ಧ ಮಾಡ್ಕೊಳ್ಳಿ’ ಅನ್ನುತ್ತಾರಲ್ಲ, ಇಲ್ಲಿ ಅದಿಲ್ಲ. ಆಟಗಾರ ಒಂದು ಅಂಕಿ ಹೇಳುತ್ತಾನೆ, ತಂಡ ಒಂದು ಅಂಕಿ ಹೇಳುತ್ತದೆ. ಮೂವರು ಪಂಚರು ಎರಡರಲ್ಲಿ ಒಂದನ್ನು ಆರಿಸಲೇಬೇಕು, ನಡುವಿನದ್ದು ಕೊಡುವ ಹಾಗಿಲ್ಲ. ಇದರಲ್ಲೊಂದು ಜಾಣತನ ಇದೆ. ಯಾರು ಅತಿಯಾಗಿ ಕೇಳುತ್ತಾರೋ ಅವರೇ ಸೋಲೋ ಸಾಧ್ಯತೆ ಜಾಸ್ತಿ. ಹಾಗಾಗಿ ಇಬ್ಬರೂ ಹತ್ತಿರ ಹತ್ತಿರ ಬರುತ್ತಾರೆ, ಬಹುಪಾಲು ಕೇಸುಗಳು ಒಳಗೇ ರಾಜಿ ಆಗುತ್ತವೆ.

ರಾಜಿ ಆಗದಿದ್ದರೆ ಮಾತ್ರ ಕಹಿ. ಯಾಕಂದ್ರೆ ತಂಡದವರು ಆಟಗಾರನ ಎದುರೇ ಕೂತು, ಇವನಿಗೆ ಅಷ್ಟು ಯೋಗ್ಯತೆ ಇಲ್ಲ ಅಂತ ವಾದಿಸಬೇಕು. 2023ರಲ್ಲಿ ಮಿಲ್ವಾಕಿಯ ಪಿಚರ್ ಕಾರ್ಬಿನ್ ಬರ್ನ್ಸ್ 1 ಕೋಟಿ 7.5 ಲಕ್ಷ ಡಾಲರ್ ಕೇಳಿದ್ದ, ತಂಡ 1 ಕೋಟಿ 10 ಸಾವಿರ ಅಂತು. ವ್ಯತ್ಯಾಸ 7,40,000. ಅವನು ಸೋತ. ಹಿಂದಿನ ವರ್ಷ ನಾವು ಪ್ಲೇಆಫ್ ತಲುಪದೇ ಇದ್ದದ್ದಕ್ಕೆ ನನ್ನನ್ನೇ ಮುಂದಿಟ್ಟರು, ಸಂಬಂಧಕ್ಕೆ ಪೆಟ್ಟು ಬಿದ್ದಿದೆ ಅಂತ ಪತ್ರಕರ್ತರ ಮುಂದೆ ಹೇಳಿಯೇ ಬಿಟ್ಟ. ಒಂದು ವರ್ಷ ಕಳೆಯುವುದರೊಳಗೆ ಅವನನ್ನು ಬಾಲ್ಟಿಮೋರ್‌ಗೆ ಕೊಟ್ಟುಬಿಟ್ಟರು. ಆ ದುಡ್ಡಿಗೆ ಅಷ್ಟೊಂದು ಹಟ ಬೇಕಿತ್ತಾ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಇಲ್ಲಿ ಬ್ರಯಂಟ್ ವಿಷಯದಲ್ಲಿ ಒಂದು ತಮಾಷೆ ಆಯ್ತು. 2017ರ ಕೊನೆಗೆ ಅವನ ಸರ್ವಿಸ್ 2.171, ಅಂದರೆ ಮೂರಕ್ಕೆ ಒಂದು ದಿನ ಕಮ್ಮಿ. ಆದರೆ ಎರಡು ಮತ್ತು ಮೂರು ವರ್ಷದ ನಡುವೆ ಇರುವವರಲ್ಲಿ ಮೇಲಿನ 22 ಶೇಕಡಾ ಮಂದಿಗೆ ಒಂದು ವರ್ಷ ಮುಂಚೆಯೇ ಪಂಚಾಯ್ತಿಗೆ ಹೋಗುವ ಹಕ್ಕಿದೆ. ಇವನು ಆ ಗುಂಪಿನ ತುದಿಯಲ್ಲಿದ್ದ. ಹಾಗಾಗಿ 2018ಕ್ಕೆ ಅವನ ಸಂಬಳ ಒಂದೇ ಏಟಿಗೆ 1 ಕೋಟಿ 8.5 ಲಕ್ಷ. ಮೊದಲ ಸಲ ಆ ಹಂತಕ್ಕೆ ಬಂದವರಲ್ಲಿ ಅದು ಆಗಿನ ದಾಖಲೆ. ತಂಡಕ್ಕೆ ಒಂದು ವರ್ಷ ಜಾಸ್ತಿ ಸಿಕ್ಕಿತು ನಿಜ, ಆದರೆ ದುಬಾರಿ ಸಂಬಳದ ವರ್ಷ ಮೂರಲ್ಲ, ನಾಲ್ಕಾಯ್ತು.

ಆರು ವರ್ಷ ಯಾಕೆ ಅಂತ ಕೇಳಬಹುದು. ಮೊದಲು ಆರೂ ಇರಲಿಲ್ಲ, ಜೀವಮಾನಪೂರ್ತಿ ಒಂದೇ ತಂಡದ ಸ್ವತ್ತು. ಸೇಂಟ್ ಲೂಯಿಸ್‌ಗೆ 12 ಸೀಸನ್ ಆಡಿದ ಕರ್ಟ್ ಫ್ಲಡ್‌ನನ್ನು 1969ರಲ್ಲಿ ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಗೆ ಕೊಟ್ಟರು. ಅವನು ಹೋಗಲಿಲ್ಲ. ನನ್ನ ಇಷ್ಟ ಕೇಳದೆ ಕೊಳ್ಳೋಕೆ, ಮಾರೋಕೆ ನಾನೇನು ಸಾಮಾನಲ್ಲ ಅಂತ ಬೇಸ್‌ಬಾಲ್ ಕಮಿಷನರ್‌ಗೆ ಪತ್ರ ಬರೆದು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತ. ಅವನ ಆಟವೂ ಮುಗಿಯಿತು. ಮೂರು ವರ್ಷ ಬಿಟ್ಟು, 1975ರ ಡಿಸೆಂಬರಿನಲ್ಲಿ, ಬೇರೆ ಇಬ್ಬರು ಪಿಚರ್‌ಗಳ ಕೇಸಿನಲ್ಲಿ ಪೀಟರ್ ಸೈಟ್ಜ್ ಅನ್ನೋ ಮಧ್ಯಸ್ಥಗಾರ ಆ ಹಳೇ ಪದ್ಧತಿಯನ್ನು ಬಿಡಿಸಿಬಿಟ್ಟ. ಆಗ ಎಲ್ಲ ಆಟಗಾರರೂ ಪ್ರತಿ ವರ್ಷ ಬಿಡುಗಡೆ ಆಗಿಬಿಡಲಿ ಅಂದವನು ಯಾರು ಗೊತ್ತಾ? ಆಟಗಾರ ಅಲ್ಲ, ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲೆ! ಸಂಘದ ನಾಯಕ ಮಾರ್ವಿನ್ ಮಿಲ್ಲರ್‌ಗೆ ಇದೇ ದೊಡ್ಡ ಭಯವಾಗಿತ್ತು. ಕೋಲಾರದ ಮಂಡಿಗೆ ಎಲ್ಲರೂ ಒಂದೇ ದಿನ ಟೊಮೆಟೊ ತಂದರೆ ರೇಟು ಏನಾಗುತ್ತದೆ? ರಸ್ತೆಗೆ ಸುರೀಬೇಕು, ಅಲ್ವಾ. ವರ್ಷಕ್ಕೆ ಸ್ವಲ್ಪ ಜನ ಮಾತ್ರ ಮಾರುಕಟ್ಟೆಗೆ ಬಂದರೇ ಬೆಲೆ ಏರೋದು ಅಂತ ಅವನ ಲೆಕ್ಕ. ಅದೃಷ್ಟಕ್ಕೆ ಉಳಿದ ಮಾಲೀಕರು ಫಿನ್ಲೆ ಮಾತು ಕೇಳಲಿಲ್ಲ. ಆರು ವರ್ಷಕ್ಕೆ ಒಪ್ಪಂದ ಆಯ್ತು, ಇವತ್ತಿಗೂ ಅದೇ ಆರು.

ಆ ಆರು ವರ್ಷ ಯಾವ ವಯಸ್ಸಿಗೆ ಮುಗಿಯುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಹುವಾನ್ ಸೋಟೊ 19ಕ್ಕೇ ಮೇಲೆ ಬಂದ, 26ಕ್ಕೆ ಫ್ರೀ ಏಜೆಂಟ್. ನ್ಯೂಯಾರ್ಕ್ ಮೆಟ್ಸ್ ತಂಡ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು. ಜಡ್ಜ್ ಮೇಲೆ ಬಂದಿದ್ದೇ 24ಕ್ಕೆ, ಬಿಡುಗಡೆ 30ಕ್ಕೆ. 62 ಹೋಮ್ ರನ್ ಹೊಡೆದ ವರ್ಷದಲ್ಲೇ ಕೈಗೆ ಬಂದಿದ್ದು 9 ವರ್ಷಕ್ಕೆ 36 ಕೋಟಿ. ಕಮ್ಮಿ ಅಂತಲ್ಲ, ಆದರೆ ಆ ನಾಲ್ಕು ವರ್ಷದ ಬೆಲೆ ಕಣ್ಣಿಗೆ ಕಾಣುತ್ತದೆ.

ಬ್ರಯಂಟ್ ಸುಮ್ನೆ ಕೂರಲಿಲ್ಲ. ಕಬ್ಸ್ ಬೇಕೂಂತಲೇ ತಡ ಮಾಡಿದರು ಅಂತ 2015ರಲ್ಲೇ ದೂರು ಹಾಕಿದ್ದ. ತೀರ್ಪು ಬಂದಿದ್ದು 2020ರ ಜನವರಿಯಲ್ಲಿ, ತಂಡದ ಪರವಾಗಿ. ಕೇಸು ಸೋತರೂ ಆ ಗಲಾಟೆಯ ಬಿಸಿ ಉಳಿಯಿತು. 2022ರ ಹೊಸ ಒಪ್ಪಂದದಲ್ಲಿ ಒಂದು ನಿಯಮ ಸೇರಿತು. ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಇಬ್ಬರಲ್ಲಿ ಬಂದರೆ ಯಾವಾಗ ಕರೆಸಿದರೂ ಪೂರ್ತಿ ವರ್ಷದ ಸರ್ವಿಸ್ ಸಿಗುತ್ತದೆ. ಪಿಟ್ಸ್‌ಬರ್ಗ್‌ನವರು ಪಾಲ್ ಸ್ಕೀನ್ಸ್‌ನನ್ನು 2024ರಲ್ಲಿ ಮೇ 11ರವರೆಗೂ ಕೆಳಗೇ ಇಟ್ಟಿದ್ದರು. ಅವನು ಪ್ರಶಸ್ತಿ ಗೆದ್ದ, ಪೂರ್ತಿ ವರ್ಷ ತಗೊಂಡ. ಬ್ರಯಂಟ್‌ಗೆ ಈ ನಿಯಮ ಇದ್ದಿದ್ದರೆ ಮೊದಲ ವರ್ಷವೇ ಸರಿಹೋಗುತ್ತಿತ್ತು.

ಆದರೆ ಒಂದು ವಿಷಯ ಹೇಳಿಬಿಡುತ್ತೇನೆ, ಆ ತಡ ಅವನಿಗೆ ಒಳ್ಳೇದೇ ಮಾಡಿತೇನೋ. 2020 ಕೋವಿಡ್ ವರ್ಷ, ಅವನು 34 ಪಂದ್ಯದಲ್ಲಿ ನಾಲ್ಕೇ ಹೋಮ್ ರನ್ ಹೊಡೆದಿದ್ದ, ಖಾಲಿ ಸ್ಟೇಡಿಯಂಗಳಿಂದ ಮಾಲೀಕರ ಕೈಯೂ ಬಿಗಿಯಾಗಿತ್ತು. ಆ ಚಳಿಗಾಲ ಮಾರುಕಟ್ಟೆಗೆ ಬಂದಿದ್ದರೆ ಏನು ಸಿಗುತ್ತಿತ್ತೋ. 2021ರಲ್ಲಿ ಚೇತರಿಸಿಕೊಂಡು 25 ಹೊಡೆದ. ಆ ಜುಲೈನಲ್ಲಿ ಕಬ್ಸ್ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟುಬಿಟ್ಟಿತ್ತು. ಮರುವರ್ಷ ಕೊಲರಾಡೋ ರಾಕೀಸ್ 7 ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟಿತು. ಆಗ ಅವನಿಗೆ 30.

ಅಲ್ಲಿಂದ ಬೆನ್ನು ಕೈಕೊಟ್ಟಿತು. ನಾಲ್ಕು ಸೀಸನ್ನಿನಲ್ಲಿ ಆಡಿದ್ದು 42, 80, 37, 11 ಪಂದ್ಯ. ಒಟ್ಟು 648ರಲ್ಲಿ 170. ಒಪ್ಪಂದ ಗ್ಯಾರಂಟಿ, ಆಡಲಿ ಬಿಡಲಿ ದುಡ್ಡು ಬರುತ್ತದೆ, ಸರ್ವಿಸ್ ದಿನಗಳೂ ಸೇರುತ್ತವೆ. 2024 ಮುಗಿದಾಗ ಅವನ ಹೆಸರಿನ ಪಕ್ಕದ ಅಂಕಿ 9.171. ಹತ್ತು ವರ್ಷಕ್ಕೆ, ಪೂರ್ತಿ ಪೆನ್ಶನ್‌ಗೆ, ಬಾಕಿ ಇದ್ದದ್ದು ಒಂದು ದಿನ. ಅದು 2025ರ ಸೀಸನ್ ಶುರುವಾದ ಮೊದಲ ದಿನವೇ ತುಂಬಿತು.